8 ಜಿಬಿ ಪೆನ್ ಡ್ರೈವ್ ಅನ್ನು 32 ಜಿಬಿ ಮಾಡುವ ಸಾಫ್ಟ್‌ವೇರ್ ಬಳಸಬಹುದೇ?

ಖಂಡಿತ ಬೇಡ. ಒಳಗಿನ ಮೆಮೊರಿ ಚಿಪ್ ಎಷ್ಟಿದೆಯೋ ಅಷ್ಟೇ; ಅದನ್ನು ಯಾವ ಸಾಫ್ಟ್‌ವೇರೂ ಹಿಗ್ಗಿಸಲಾರದು. ಇಂಥವು ಮಾಡುವುದು ಲೆಕ್ಕದ ಪುಸ್ತಕ ತಿದ್ದುವ ಕೆಲಸ: ಫೈಲ್ ಸಿಸ್ಟಂನಲ್ಲಿ, ಅಂದರೆ ಡ್ರೈವ್‌ನ ಜಾಗ ಮತ್ತು ಫೈಲ್‌ಗಳ ಲೆಕ್ಕ ಇಡುವ ವ್ಯವಸ್ಥೆಯಲ್ಲಿ, 32 ಜಿಬಿ ಎಂದು ಸುಳ್ಳು ಬರೆದಿಡುತ್ತವೆ, ವಿಂಡೋಸ್ ಅದನ್ನೇ ನಂಬಿ ತೋರಿಸುತ್ತದೆ.

ಮೊದಲ 8 ಜಿಬಿ ತುಂಬುವವರೆಗೆ ಅನುಮಾನವೇ ಬರುವುದಿಲ್ಲ. ಆಮೇಲೆ ನಕಲು ಮಾಡುವಾಗ ದೋಷ ಕಾಣಿಸಿದರೆ ಪುಣ್ಯ. ಕಂಟ್ರೋಲರ್‌ನ (ಮೆಮೊರಿಯನ್ನು ನಿಯಂತ್ರಿಸುವ ಚಿಪ್‌ನ) ಫರ್ಮ್‌ವೇರನ್ನೇ, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರನ್ನೇ, ತಿದ್ದಿ ಮಾರುವ ನಕಲಿ ಡ್ರೈವ್‌ಗಳು ಇನ್ನೂ ಕಪಟಿಗಳು: ಬರೆದಂತೆ ನಟಿಸಿ ಹೊಸ ಮಾಹಿತಿಯನ್ನು ಕೈಬಿಡುತ್ತವೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತವೆ. ಮದುವೆ ವಿಡಿಯೊದ ಹೆಸರು, ಗಾತ್ರ, ತಾರೀಖು ಎಲ್ಲವೂ ಪಟ್ಟಿಯಲ್ಲಿರುತ್ತವೆ. ತೆರೆಯಲು ಹೋದರೆ ತೆರೆಯುವುದಿಲ್ಲ. ಬರೆದೇ ಇಲ್ಲದ್ದನ್ನು ರಿಕವರಿ ಸಾಫ್ಟ್‌ವೇರ್ ತಾನೇ ಎಲ್ಲಿಂದ ತರಬೇಕು? ಜೊತೆಗೆ, ಊರು ಹೆಸರಿಲ್ಲದ ತಾಣದಿಂದ ಇಳಿಸಿಕೊಂಡ ಪ್ರೋಗ್ರಾಮಿಗೆ ಅಡ್ಮಿನ್ ಅನುಮತಿ ಕೊಟ್ಟರೆ ವೈರಸ್ ಬರುವ ಭಯವೂ ಇದೆ.

ಈಗಾಗಲೇ ಬಳಸಿದ್ದರೆ, ತೆರೆಯುವ ಫೈಲ್‌ಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಿ. ನಂತರ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ಸಾಧನದಿಂದ ಪರೀಕ್ಷಿಸಿ. ಅವು ಡ್ರೈವ್ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಅಂದ ಹಾಗೆ, ಅಸಲಿ 32 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 29.8 ಎಂದು ಕಾಣುವುದು ಮೋಸವಲ್ಲ, ತಯಾರಕರು ಮತ್ತು ವಿಂಡೋಸ್ ಜಿಬಿ ಎಣಿಸುವ ಕ್ರಮ ಬೇರೆ ಬೇರೆ ಅಷ್ಟೆ.