"ಫೋನ್ ಇಡೋಕೆ ಬರಲಿಲ್ಲ ಮೇಡಂ"

ಶಿವಮೊಗ್ಗದಲ್ಲಿ ಆಪ್ತಸಲಹೆಗಾರ್ತಿಯಾಗಿ ಕೂತು ಗಂಡ ಹೆಂಡತಿ ಜಗಳ, ಮಕ್ಕಳ ಪರೀಕ್ಷೆ ಭಯ ಕೇಳಿಸಿಕೊಳ್ಳುತ್ತಿದ್ದ ನನಗೆ ಈಗೀಗ ಕಂಪ್ಯೂಟರ್ ಮೋಸದ ಕಥೆಗಳೂ ಬರುತ್ತಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಅದರಲ್ಲಿ ಒಂದನ್ನು ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೇಷ್ಟ್ರು ಅಂತ ಕರೆಯೋಣ. 71 ವರ್ಷ, ತೀರ್ಥಹಳ್ಳಿ ಕಡೆಯವರು. ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸ್ವಲ್ಪ ತೋಟ ಇದೆ, ಮಗ ಬೆಂಗಳೂರಲ್ಲಿ. ಮಳೆಗಾಲದ ಒಂದು ಮಧ್ಯಾಹ್ನ ಅಡಿಕೆ ಎಲೆಚುಕ್ಕಿ ರೋಗಕ್ಕೆ ಏನು ಹೊಡೆಯೋದು ಅಂತ ಹುಡುಕುತ್ತಾ ಯಾವುದೋ ಜಾಹೀರಾತು ಒತ್ತಿದ್ದಾರೆ. ಪರದೆ ಪೂರ್ತಿ ಕೆಂಪಾಗಿ ಸೈರನ್ ಕೂಗತೊಡಗಿತು. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ನ ಈ ನಂಬರಿಗೆ ಫೋನ್ ಮಾಡಿ ಅಂತ ಬರಹ. ಅಡಿಗೆಮನೆಯಿಂದ ಓಡಿಬಂದ ಹೆಂಡತಿ "ಅದರ ಸ್ವಿಚ್ ಆಫ್ ಮಾಡಿ" ಅಂದರಂತೆ. "ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಅಂದರಂತೆ ಇವರು. ಇಡೀ ಪ್ರಕರಣದಲ್ಲಿ ಸರಿಯಾದ ತಾಂತ್ರಿಕ ಸಲಹೆ ಕೊಟ್ಟಿದ್ದು ಆ ಅಮ್ಮ ಒಬ್ಬರೇ!

ಮುಂದಿನದು ನಿಮಗೂ ಗೊತ್ತಿರಬಹುದು. ಆ ಕಡೆಯವನು ಒಂದು ಆ್ಯಪ್ ಹಾಕಿಸಿ, ಇವರ ಮೌಸನ್ನು ತಾನೇ ಓಡಿಸುತ್ತಾ, ಈವೆಂಟ್ ವ್ಯೂವರ್ ತೆರೆದು ಸಾಲುಸಾಲು ಕೆಂಪು ಗುರುತು ತೋರಿಸಿ ಇವೆಲ್ಲ ವೈರಸ್ ಅಂದ. ಅದು ವಿಂಡೋಸ್ ತನ್ನ ಪಾಡಿಗೆ ಬರೆದಿಟ್ಟುಕೊಳ್ಳುವ ದಿನಚರಿ. ಏನೂ ಕೆಡದ ಕಂಪ್ಯೂಟರಿನಲ್ಲೂ ಅಂಥ ಗುರುತು ಬೇಕಾದಷ್ಟು ಇರುತ್ತವೆ. ಸಣ್ಣ ಶುಲ್ಕ ಕಟ್ಟಿ ಅಂತ ಬ್ಯಾಂಕ್ ಖಾತೆಗೆ ಲಾಗಿನ್ ಮಾಡಿಸಿದ, ಒಟಿಪಿ ಕೇಳಿದ, ಎರಡು ಸಲಕ್ಕೆ 1,86,000 ರೂಪಾಯಿ ಹೋಯಿತು.

ಮೇಷ್ಟ್ರು ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೆ ಮಗ ಬಂದು ಕೂಗಾಡಿ, ಕಂಪ್ಯೂಟರನ್ನು ಕಾರಿಗೆ ಹಾಕಿಕೊಂಡು ಹೋದ. ಇವರು ಪೇಟೆಗೆ ಹೋಗೋದು ಬಿಟ್ಟರು. ಊಟನೂ ಅಷ್ಟಕ್ಕಷ್ಟೇ. ಆಗ ನನ್ನ ಹತ್ತಿರ ಕರೆತಂದಿದ್ದು.

ಮೊದಲನೇ ದಿನ ಏನೂ ಮಾತಾಡಲಿಲ್ಲ. ಎರಡನೇ ದಿನ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನಿಮಗೆ ಅನುಮಾನ ಬಂದಿದ್ದು ಯಾವಾಗ?

"ಹತ್ತು ನಿಮಿಷಕ್ಕೇ ಬಂತು ಮೇಡಂ. ಪರದೆ ಮೇಲಿದ್ದ ಇಂಗ್ಲಿಷಲ್ಲೇ ಎರಡು ತಪ್ಪಿತ್ತು."

ನಾನು ಪೆನ್ನು ಕೆಳಗಿಟ್ಟೆ. ಮತ್ತೆ?

"ಮತ್ತೆ ಏನು, ಅವನು ಹೇಳ್ತಾನೇ ಇದ್ದ. ಸಾರ್ ಸಾರ್ ಅಂತ ಮರ್ಯಾದೆಯಿಂದ ಮಾತಾಡ್ತಿದ್ದ. ಮಧ್ಯದಲ್ಲಿ ಹೆಂಗೆ ಇಡೋದು? ಫೋನ್ ಇಡೋಕೆ ಬರಲಿಲ್ಲ ಮೇಡಂ."

ಅಲ್ಲಿವರೆಗೆ ನಾನು ಇಂಥವರಿಗೆ ಹೇಳುತ್ತಿದ್ದದ್ದು "ಎಚ್ಚರವಾಗಿರಿ" ಅಂತ. ಇವರು ಎಚ್ಚರವಾಗೇ ಇದ್ದರು, ಅಲ್ವಾ? ನಮ್ಮ ಮಲೆನಾಡಲ್ಲಿ ಫೋನ್ ಮುಗಿಸೋದೇ ಒಂದು ಶಾಸ್ತ್ರ. "ಮತ್ತೇನು", "ಮಳೆ ಹೆಂಗೆ", "ಹಂಗಾದ್ರೆ ಇಡ್ಲಾ", "ಹಾಂ, ಇಡಿ ಇಡಿ", ಇಷ್ಟೆಲ್ಲ ಆಗಿ ಆ ಕಡೆಯವರು ಇಡಲಿ ಅಂತ ಇನ್ನರ್ಧ ನಿಮಿಷ ಕಾಯುತ್ತೇವೆ. ಬಾಗಿಲಿಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು ಬೆಳೆದ ಮನುಷ್ಯ ಮಾತಿನ ಮಧ್ಯೆ ಫೋನ್ ಕಟ್ ಮಾಡೋದು ಎಲ್ಲಿ ಕಲಿಯಬೇಕು?

ಹಾಗಾಗಿ ಅವತ್ತೇ ಕಲಿಸಲು ಕೂತೆ. ನಾನು ಪಕ್ಕದ ರೂಮಿಗೆ ಹೋಗಿ ಅವರ ಮೊಬೈಲಿಗೆ ಫೋನ್ ಮಾಡೋದು, ಕಳ್ಳನ ಥರ ಮಾತಾಡೋದು, ಅವರು ನನ್ನ ವಾಕ್ಯ ಮುಗಿಯೋಕೆ ಮುಂಚೆ ಕಟ್ ಮಾಡಬೇಕು. ಮೊದಲನೇ ಸಲ ನಾನು ಹೇಳಿದ್ದಕ್ಕೆಲ್ಲ "ಹಾಂ, ಹಾಂ" ಅಂದರು. ಎರಡನೇ ಸಲ "ಒಂದ್ನಿಮಿಷ ಸಾರ್, ನಾನು ಇಡ್ಲಾ?" ಅಂದರು. ಕಳ್ಳನ ಹತ್ತಿರ ಅಪ್ಪಣೆ! "ಬೇಡ ಸಾರ್, ಇಟ್ರೆ ನಿಮ್ಮ ಫೈಲೆಲ್ಲ ಹೋಗುತ್ತೆ" ಅಂದೆ. ಆ ಕಡೆ ಉಸಿರು ಕೇಳುತ್ತಿತ್ತು, ಫೋನ್ ಇಡಲಿಲ್ಲ. ನಾಲ್ಕನೇ ಸಲ ಕಟ್ ಆಯಿತು. ವಾಪಸ್ ಬಂದು ನೋಡಿದರೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಅಂಗೈ ಒತ್ತಿ ಹಿಡಿದುಕೊಂಡಿದ್ದರು. "ತಪ್ಪು ತಿಳ್ಕೋಬೇಡಿ ಮೇಡಂ" ಅಂದರು.

ವಯಸ್ಸಾದವರಿಗೆ ಒರಟುತನ ಕಲಿಸುತ್ತಿದ್ದೀಯ ಅಂತ ನನ್ನ ಸ್ನೇಹಿತೆಯೊಬ್ಬಳು, ಅವಳೂ ಆಪ್ತಸಲಹೆಗಾರ್ತಿಯೇ, ಹೇಳಿದಳು. ಹೌದು, ಕಲಿಸುತ್ತಿದ್ದೇನೆ. ಸಂಕೋಚವೇ ಕಳ್ಳನಿಗೆ ಬಾಗಿಲು ತೆಗೆಯುವುದಾದರೆ ಅದನ್ನು ಹೊಗಳಿಕೊಂಡು ಕೂರಲು ನನಗಾಗದು.

ಜಾಸ್ತಿ ಜಗಳ ಆಗಿದ್ದು ಮಗನ ಜೊತೆ. ಕಂಪ್ಯೂಟರ್ ವಾಪಸ್ ಕೊಡಿ ಅಂದೆ. "ಇನ್ನೊಂದು ಸಲ ದುಡ್ಡು ಹೋದ್ರೆ ನೀವು ಕೊಡ್ತೀರಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಒಂಬತ್ತು ದಿನ ಏನಾಯಿತು ನೋಡಿ. ಸೈಬರ್ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದಷ್ಟೂ, ಹಣ ಖಾತೆಯಿಂದ ಖಾತೆಗೆ ಹಾರೋಕೆ ಮುಂಚೆ ತಡೆ ಹಿಡಿಯುವ ಸಾಧ್ಯತೆ ಜಾಸ್ತಿ. ಲೆಕ್ಕ ಗಂಟೆಗಳದ್ದು. ಇನ್ನು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ್ದ ಸುತ್ತೋಲೆ ಪ್ರಕಾರ, ಒಟಿಪಿ ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅಂದರೆ ಬಾಯಿ ಬಿಟ್ಟು ಹೇಳುವುದರಲ್ಲೇ ದುಡ್ಡಿದೆ. ನಿನ್ನ ಬೈಗುಳಕ್ಕೆ ಹೆದರಿ ನಿಮ್ಮಪ್ಪ ಒಂಬತ್ತು ದಿನ ಮುಚ್ಚಿಟ್ಟರು, ಕಂಪ್ಯೂಟರನ್ನೂ ಕಿತ್ತುಕೊಂಡರೆ ಮುಂದಿನ ಸಲ ಹೇಳೋದೇ ಇಲ್ಲ ಅಂದೆ. ಸ್ವಲ್ಪ ಜೋರಾಗೇ ಅಂದೆ, ಅಷ್ಟು ಜೋರು ಬೇಕಿರಲಿಲ್ಲ.

ಕೊನೆಗೆ ಒಪ್ಪಿದ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ತಂದುಕೊಟ್ಟ, ಪಾಸ್‌ವರ್ಡ್‌ಗಳನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಕೂತು ಬದಲಿಸಿದ. ಪಿಂಚಣಿ ಖಾತೆಗೆ ನೆಟ್ ಬ್ಯಾಂಕಿಂಗ್ ತೆಗೆಸಿ, ಚಿಲ್ಲರೆ ಖರ್ಚಿಗೆ ಬೇರೆ ಖಾತೆ ಮಾಡಿಸಿದ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರೇ ಇರೋದಿಲ್ಲ ಅಂತ ಮೇಷ್ಟ್ರು ತಾವೇ ದುಂಡಗೆ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದಾರೆ. ಸ್ವಿಚ್ ಆಫ್ ಮಾಡುವ ಅಧಿಕಾರ ಹೆಂಡತಿಗೆ. ಅವರು ಅದನ್ನು ಧಾರಾಳವಾಗೇ ಬಳಸುತ್ತಿದ್ದಾರಂತೆ.

ಕಳೆದ ವಾರ ಮೇಷ್ಟ್ರು ಫೋನ್ ಮಾಡಿದ್ದರು. ಊಟ ನಿದ್ದೆ ಸರಿಯಾಗಿದೆ ಅಂದರು. ಮುಂದೆ ಯಾವತ್ತು ಬರಬೇಕು ಅಂತ ನಾನು ಹೇಳುತ್ತಿದ್ದ ಹಾಗೇ, ಮಾತಿನ ಮಧ್ಯೆ, ಫೋನ್ ಕಟ್ ಆಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಎದುರಿಗೆ ಕೂತವರ ಮುಂದೆಯೇ ನಕ್ಕುಬಿಟ್ಟೆ. ಐದು ನಿಮಿಷಕ್ಕೆ ಮತ್ತೆ ಫೋನ್ ಬಂತು.

"ಬೇಜಾರು ಮಾಡ್ಕೋಬೇಡಿ ಮೇಡಂ, ನಾನು ಇಟ್ಟಿದ್ದಲ್ಲ. ಇಲ್ಲಿ ಮಳೆ, ನೆಟ್‌ವರ್ಕ್ ಹೋಯ್ತು."