ಉಡುಪಿ ಕೋರ್ಟಿನ ಸಾಕ್ಷಿ ಸಮನ್ಸ್: ಜ್ಯೂರಿ ಇರುತ್ತದಾ?

ಉಡುಪಿ ಕೋರ್ಟಿನಿಂದ ಸಾಕ್ಷಿ ಸಮನ್ಸ್ (ಕೋರ್ಟಿಗೆ ಬನ್ನಿ ಎಂಬ ಆದೇಶ) ಬಂದಿದೆ, ಅಲ್ಲಿ ಜ್ಯೂರಿ ಇರುತ್ತದಾ ಎಂದು ಕೇಳಿದ್ದೀರಿ. ಮಣಿಪಾಲದ ಅಪಘಾತದ ಬಗ್ಗೆ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಿರಲ್ಲ, ಸಮನ್ಸ್ ಬಂದಿರುವುದು ಬಹುಶಃ ಅದಕ್ಕೇ. ಚಾರ್ಜ್‌ಶೀಟಿನ, ಅಂದರೆ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿಯ, ಸಾಕ್ಷಿ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಹೆದರಬೇಡಿ, ನೀವು ಆರೋಪಿಯಲ್ಲ. ನೀವು ಕೇಳಿದ ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪು, ಈಗ ನಮ್ಮ ಕ್ರಿಮಿನಲ್ ಕೇಸುಗಳಲ್ಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಅದನ್ನು ಕೈಬಿಟ್ಟರು. ತೀರ್ಪು ಕೊಡುವುದು ನ್ಯಾಯಾಧೀಶರೇ.

ಸಮನ್ಸಿನಲ್ಲಿರುವ ದಿನ ಬೆಳಿಗ್ಗೆ ಬೇಗ ಹೋಗಿ ಎಪಿಪಿಯನ್ನು, ಅಂದರೆ ಸರ್ಕಾರಿ ವಕೀಲರನ್ನು ಕಾಣಿ. ಆಧಾರ್ ಜೊತೆಗಿರಲಿ. ಮೊದಲು ಅವರು ಪ್ರಶ್ನೆ ಕೇಳುತ್ತಾರೆ, ಆಮೇಲೆ ಆರೋಪಿಯ ವಕೀಲರ ಪಾಟೀಸವಾಲು. ನಾನು ಸಾಕ್ಷಿ ಹೇಳಿದಾಗ ತಡವರಿಸಿದ್ದು ಅಲ್ಲೇ. ಕಂಡದ್ದನ್ನಷ್ಟೇ ಹೇಳಿ. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಎನ್ನಿ. ಸುಮ್ನೆ ಊಹಿಸಿದರೆ ಪೆಟ್ಟಾದವರ ಕೇಸೇ ಸಡಿಲವಾಗುತ್ತದೆ, ಅಲ್ವಾ? ಅದೇ ದಿನ ನಿಮ್ಮ ಸರದಿ ಬರುತ್ತದೆ ಎಂಬ ಖಾತ್ರಿಯಿಲ್ಲ. ಹೋಗದೇ ಇದ್ದರೆ ವಾರಂಟ್ ಬರಬಹುದು. ಬರಲಾಗದಿದ್ದರೆ ಮೊದಲೇ ಎಪಿಪಿ ಕಚೇರಿಗೆ ತಿಳಿಸಿ.