ಏರ್ ಪಂಪ್ ಓಡುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುವುದು ಯಾಕೆ?

ಟ್ಯಾಂಕಿನ ಪಿಎಚ್ (ನೀರಿನ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕೆ ಇಳಿದಿದೆ, ಏರ್ ಪಂಪ್ ಹಗಲೂ ರಾತ್ರಿ ಓಡುತ್ತಿದೆ, ಆದರೂ ಗೋಲ್ಡ್‌ಫಿಶ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿವೆ ಅಂದಿದ್ದೀರಿ. ಅಡುಗೆ ಸೋಡಾ ಹಾಕಲಾ ಅಂತಲೂ ಕೇಳಿದ್ದೀರಿ. ಆ ಡಬ್ಬಿ ಮೊದಲು ಕೆಳಗಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀರಿನಲ್ಲಿ ಆಮ್ಲಜನಕ ಇರಬಹುದು, ಅದನ್ನು ಒಳಗೆ ಎಳೆದುಕೊಳ್ಳುವ ಕಿವಿರಿಗೆ ಪೆಟ್ಟು ಬಿದ್ದಿರುತ್ತದೆ. ಹುಳಿ ನೀರು ತಾಗಿದರೆ ಕಿವಿರು ಲೋಳೆ ಸುರಿಸುತ್ತದೆ. ಆ ಲೋಳೆ ದಪ್ಪವಾದಷ್ಟೂ ಆಮ್ಲಜನಕ ರಕ್ತ ಸೇರುವುದು ಕಷ್ಟ. ರಕ್ತಕ್ಕೂ ಹುಳಿ ಏರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಪಂಪ್ ಜೋರು ಮಾಡಿದರೆ ಇದು ಸರಿಹೋಗುವುದಿಲ್ಲ.

ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು, ಮೈಯಿಂದ ಉಪ್ಪು ಸೋರುವುದು. ಕಿವಿರಿನ ಜೀವಕೋಶಗಳ ಸಂದುಗಳನ್ನು ಬಿಗಿಯಾಗಿ ಇಡುವುದು ಕ್ಯಾಲ್ಸಿಯಂ. ಹುಳಿ ಅದನ್ನು ಕಿತ್ತುಹಾಕುತ್ತದೆ, ಸೋಡಿಯಂ, ಕ್ಲೋರೈಡ್ ಹೊರಗೆ ಹೋಗುತ್ತವೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲಿ ಮೀನು ಉಸಿರು ಕಟ್ಟುವ ಮೊದಲೇ ಹೀಗೆ ಸಾಯುವುದುಂಟು. ನಾರ್ವೆ, ಸ್ವೀಡನ್‌ನ ಎಷ್ಟೋ ಕೆರೆಗಳಲ್ಲಿ ಆಮ್ಲ ಮಳೆಯಿಂದ ಟ್ರೌಟ್ ಮೀನು ಇಲ್ಲವಾಯಿತಲ್ಲ, ಅಲ್ಲೂ ಇದೇ ಕಥೆ. ಜೊತೆಗೆ ಮಣ್ಣಿನಿಂದ ಕರಗಿ ಬಂದ ಅಲ್ಯೂಮಿನಿಯಂ ಕಿವಿರಿಗೆ ಮೆತ್ತಿಕೊಂಡಿತು. ಸ್ವೀಡನ್‌ನವರು ಕೆರೆಗಳಿಗೆ ಸುಣ್ಣದಕಲ್ಲಿನ ಪುಡಿ ಹಾಕಿ ಸರಿಮಾಡಲು ನೋಡಿದರು. ಹಾಗಂತ ಎಲ್ಲ ಮೀನಿಗೂ ಹುಳಿ ಆಗದು ಅಂತಲ್ಲ. ಅಮೆಜಾನ್ ಸೇರುವ ರಿಯೋ ನೀಗ್ರೋ ನದಿಯ ಕಾರ್ಡಿನಲ್ ಟೆಟ್ರಾಗಳಿಗೆ ಪಿಎಚ್ 5ರ ನೀರೇ ತವರುಮನೆ.

ಈಗ ಸೋಡಾ ವಿಷಯ. ನೀರು ಬದಲಿಸದೆ ಬಹಳ ದಿನ ಬಿಟ್ಟ ಟ್ಯಾಂಕ್ ತಾನಾಗಿಯೇ ಹುಳಿಯಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳ ಕೆಲಸ ಮಂದ. ಮೀನಿನ ಗಲೀಜು ಅಮೋನಿಯಂ ಆಗಿ ಸೇರುತ್ತಾ ಹೋಗುತ್ತದೆ. ಹುಳಿ ಇರುವವರೆಗೆ ಅದರಿಂದ ಅಷ್ಟು ಅಪಾಯವಿಲ್ಲ. ಸೋಡಾ ಹಾಕಿದರೆ ಪಿಎಚ್ ಏರಿ ಆ ಅಮೋನಿಯಂ ವಿಷದ ಅಮೋನಿಯಾ ಆಗತೊಡಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾ ಸುಮಾರು 10 ಪಟ್ಟು, ಎರಡು ಅಂಕ ಏರಿದರೆ 100 ಪಟ್ಟು. ನಾನು ಒಮ್ಮೆ ಗೊತ್ತಿಲ್ಲದೆ ಎರಡು ಚಮಚ ಸೋಡಾ ಸುರಿದೆ. ಸಂಜೆ ಹೊತ್ತಿಗೆ ಮೂರು ಗೋಲ್ಡ್‌ಫಿಶ್ ಅಂಗಾತ ತೇಲುತ್ತಿದ್ದವು. ನೀರು ಹುಳಿ ಇದ್ದಾಗ ಬದುಕಿದ್ದವು ಪಾಪ.

ಅದಕ್ಕೇ ದಿನಕ್ಕೆ ಹತ್ತನೇ ಒಂದು ಭಾಗ ನೀರು ಮಾತ್ರ ಬದಲಿಸಿ, ಕ್ಲೋರಿನ್ ತೆಗೆದ ನೀರೇ ಇರಲಿ. ಎರಡು ದಿನ ಊಟ ನಿಲ್ಲಿಸಿ, ಮೀನಿಗೆ ಏನೂ ಆಗಲ್ಲ. ಅಮೋನಿಯಾ, ಅದರಿಂದಲೇ ಹುಟ್ಟುವ ಇನ್ನೊಂದು ವಿಷ ನೈಟ್ರೈಟ್, ಎರಡನ್ನೂ ಪರೀಕ್ಷಿಸಿ. ನೈಟ್ರೈಟ್ ಜಾಸ್ತಿ ಆದರೂ ಮೀನು ಹೀಗೇ ಬಾಯಿ ಬಿಡುತ್ತದೆ.